ಹಿಮ ಕರಗದ ಗಾಡಿ

ಡಿಸೆಂಬರ್ 9, ಬೆಳಿಗ್ಗೆ 7.10

ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಕಾಫಿ ಆಯಿತು. ಹತ್ತು ಸೂಜಿಗೆ ದಾರ ಪೋಣಿಸಿ ಇರ್ಯಾಳ ಪುಟ್ಟ ಸೂಜಿದಿಂಬಿಗೆ ಚುಚ್ಚಿಟ್ಟೆ. ಐದು ಕಪ್ಪು, ಮೂರು ಬಿಳಿ, ಎರಡು ಕೆಂಪು. ಎಂಟು ಚಳಿಗಾಲದಿಂದ ಇದೇ ನನ್ನ ಬೆಳಗಿನ ಪಾತ್ರ. ಮಾತಿಲ್ಲ, ಚಪ್ಪಾಳೆಯಿಲ್ಲ.

ಚಳಿ ತಾಗಿದರೆ ಸಾಕು, ನನ್ನ ಹೆಂಡತಿ ಇರ್ಯಾಳ ಬೆರಳು ಮೇಣದ ಬತ್ತಿಯಂತೆ ಬಿಳಿಚಿಕೊಳ್ಳುತ್ತದೆ. ಸ್ಪರ್ಶವೇ ಇಲ್ಲ. ನಮ್ಮ ಕೆಮಿ ಊರಿನ ಕಾರ್ಮಿಕರ ರಂಗಮಂದಿರದಲ್ಲಿ ಮೂವತ್ತೊಂದು ವರ್ಷ ವಸ್ತ್ರ ಹೊಲಿದ ಕೈ! ಆರು ರಾಜರಿಗೆ ನಿಲುವಂಗಿ ಹೊಲಿದ ಕೈ! (ಆರೂ ರಾಜರು ನಾನೇ.) ಈ ಹಳೇ ಮರದ ಮನೆಗೆ ಸಮುದ್ರದ ಗಾಳಿ ಟಿಕೆಟ್ ಕೊಳ್ಳದೆ ನುಗ್ಗುತ್ತದೆ. ರಾತ್ರಿ ಉಣ್ಣೆಯ ಕೈಗವಸು ಹಾಕಿಕೊಂಡೇ ಮಲಗುತ್ತಾಳೆ.

ನಿನ್ನೆ ಅವಳ ಅಕ್ಕ ರೈಲಿಯ ಫೋನು, ಸ್ಪೇನಿನಿಂದ. “ಬಾಲ್ಕನೀಲಿ ಕೂತು ಬರಿಗೈಲಿ ಕಿತ್ತಳೆ ಸುಲೀತಿದೀನಿ ಕಣೇ. ಬಂದ್ಬಿಡು.” ಈ ರೈಲಿ ‘ಒಂದೇ ಒಂದು ಚಳಿಗಾಲ’ ಎಂದು ಹೋಗಿ ಒಂಬತ್ತು ವರ್ಷ ಆಯಿತು. ಅವಳ ಗಂಡ ಪೆಂಟ್ಟಿ ಇನ್ನೂ ಪಕ್ಕದೂರು ತೊರ್ನಿಯೋದಲ್ಲೇ ಇದ್ದಾನೆ, ಒಬ್ಬನೇ ಸಾಸೇಜು ಬೇಯಿಸಿಕೊಂಡು ಟೀವಿಯ ಜೊತೆ ಜಗಳವಾಡಿಕೊಂಡು.

ರಾತ್ರಿ ಊಟಕ್ಕೆ ಕೂತಾಗ ಇರ್ಯಾ ತಣ್ಣಗೆ ಹೇಳಿದಳು.

“ಜನವರಿ ಮುಗಿಯೋದ್ರೊಳಗೆ ನಿಜವಾಗಿ ಬೆಚ್ಚಗಿರೋ ಕ್ಯಾರವಾನ್ ಹುಡುಕು. ಮೊದಲಿನ ಹಾಗೆ ಸರೋವರಕ್ಕೆ ಹೋಗೋಣ, ಏಪ್ರಿಲ್ ತನಕ ಇರೋಣ, ಸ್ಕೀ ಮಾಡೋಣ. ಇಲ್ದಿದ್ರೆ ಫೆಬ್ರವರಿ ಎರಡಕ್ಕೆ ನಾನು ರೈಲಿ ಹತ್ರ ಹೊರಟೆ. ಟಿಕೆಟ್ ಆಗಿದೆ.”

ಎದ್ದೆ. ಎದೆಯ ಮೇಲೆ ಕೈಯಿಟ್ಟೆ. “ಕೇಳು ಇರ್ಯಾ! ಈ ಔಲಿಸ್‌ನ ಮೈಯಲ್ಲಿ ಉಸಿರಿರುವ ತನಕ—”

“ಸೂಪ್ ಆರ್ತಿದೆ. ಕೂತ್ಕೋ.”

ಡಿಸೆಂಬರ್ 10

ಟಿಕೆಟ್ಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಹಾಲು ತೆಗೆಯಲು ಬಗ್ಗಿದಾಗಲೆಲ್ಲ ಅದಕ್ಕೆ ನಮಸ್ಕಾರ ಹಾಕಿದಂತಾಗುತ್ತದೆ.

ತಪ್ಪು ನನ್ನದೇ. ಎಂಟು ವರ್ಷದ ಹಿಂದೆ, ಸರೋವರದ ಕ್ಯಾಂಪಿನಲ್ಲಿ, ಮೂವತ್ತೊಂದು ಕೆಳಗೆ. ಕಾರಿಗೆ ಕಟ್ಟಿ ಎಳೆದೊಯ್ಯುತ್ತಿದ್ದ ನಮ್ಮ ಹಳೇ ಮನೆಗಾಡಿಯ ಹೀಟರ್ ಕೈಕೊಟ್ಟಿತು. ಲೋಟದ ನೀರು ಕಲ್ಲಾಯಿತು. ‘ಬೆಳಿಗ್ಗೆ ತನಕ ತಡೆಯೋಣ’ ಎಂದವನು ನಾನು. ಅವಳು ತಡೆದಳು. ಬೆರಳು ತಡೆಯಲಿಲ್ಲ. ಆ ವಸಂತದಲ್ಲೇ ಗಾಡಿ ಮಾರಿದೆ. ಆಮೇಲೆ ಚಳಿಗಾಲದ ಕ್ಯಾಂಪಿನ ಸುದ್ದಿ ಇಬ್ಬರೂ ಎತ್ತಿರಲಿಲ್ಲ.

ಈಗ ಅವಳೇ ಎತ್ತಿದ್ದಾಳೆ. ಎಂಥ ಅವಕಾಶ! ಎಂಥ ಭಯ!

ಡಿಸೆಂಬರ್ 21, ಸಂಜೆ 4

ಸಿಕ್ಕಿತು!! ತೊರ್ನಿಯೋದ ಆಚೆ, ಯಾರ್ಕೊ ಎಂಬ ಹುಡುಗಾಟದ ವ್ಯಾಪಾರಿಯ ಅಂಗಳದಲ್ಲಿ. ಗಾಡಿಯಲ್ಲ ಅದು, ರಂಗಮಂದಿರ! ಮೂರು ಕಡೆ ಆಳೆತ್ತರದ ಕಿಟಕಿ. ಸೀಲಿಂಗಿನಲ್ಲಿ ಸಾಲುದೀಪ. ಸೋಫಾದ ಮೇಲೆ ನಿಂತು ಎರಡು ಸಾಲು ಸಂಭಾಷಣೆ ಹೇಳಿದೆ. ಧ್ವನಿ ಗುಂಯ್ ಎಂದಿತು.

“ಯಜಮಾನ್ರೇ, ಮೊನ್ನೆ ಮೊಣಕಾಲುದ್ದ ಹಿಮ ಬಿತ್ತಲ್ಲ? ಪಕ್ಕದ ಗಾಡಿಗಳನ್ನ ನೋಡಿ, ಎಲ್ಲಾ ಹೂತ್ಹೋಗಿವೆ. ಹೀಟರ್ ಹಾಕಿಲ್ಲ ಅವಕ್ಕೆ. ಇದರ ಚಾವಣಿ ನೋಡಿ, ಒಂದು ಚೂರು ಹಿಮ ನಿಂತಿಲ್ಲ. ಒಳಗೆ ಅಷ್ಟು ಬಿಸಿ!”

ನೋಡಿದೆ. ನಿಜ. ಬೋಳು, ಹೊಳೆಯುತ್ತಿದೆ, ನೀರು ತೊಟ್ಟಿಕ್ಕುತ್ತಿದೆ. ಇನ್ನೇನು ಸಾಕ್ಷಿ ಬೇಕು?

ಎರಡು ದಿನ ಮನೆಯಲ್ಲಿಟ್ಟು ಪರೀಕ್ಷೆ ಮಾಡಿ ಎಂದ. ನಾಳೆ ತಾನೇ ಎಳೆದು ತರುತ್ತಾನಂತೆ.

ಡಿಸೆಂಬರ್ 23, ಬೆಳಿಗ್ಗೆ 6.30

ಹತ್ತೊಂಬತ್ತು ಕೆಳಗೆ. ಬೆರಳು ಮಡಚುತ್ತಿಲ್ಲ, ಅಕ್ಷರ ನೆಟ್ಟಗೆ ಬಾರದು.

ಮೊದಲು ನಾನೊಬ್ಬನೇ ಮಲಗಿ ನೋಡುತ್ತೇನೆ ಎಂದಿದ್ದೆ. ಪುಣ್ಯ. ಹೀಟರ್ ಹುಲಿಯ ಹಾಗೆ ಗರ್ಜಿಸಿತು. ತಲೆಯ ಮಟ್ಟದಲ್ಲಿ ಬೇಸಿಗೆ, ಮೊಣಕಾಲಿನ ಮಟ್ಟದಲ್ಲಿ ಶರತ್ಕಾಲ, ಪಾದದ ಹತ್ತಿರ ಸಾವು. ಕಿಟಕಿಗಳ ಒಳಮೈಗೆ ಹಿಮದ ಎಲೆಬಳ್ಳಿ ಹಬ್ಬಿತು. ಎದ್ದು ನೋಡಿದರೆ ಹೊದಿಕೆಯ ಅಂಚು ಗೋಡೆಗೆ ಹೆಪ್ಪುಗಟ್ಟಿ ಅಂಟಿದೆ! ಎಳೆದೆ. ಗೋಡೆ ಬಿಡಲಿಲ್ಲ. ಹೊದಿಕೆಯನ್ನು ಅಲ್ಲೇ ಬಿಟ್ಟು ರಣರಂಗದಿಂದ ಓಡಿದ ಸೇನಾಪತಿಯಂತೆ ಮನೆಯೊಳಕ್ಕೆ ಬಂದೆ.

ಅದೇ ದಿನ, ಮಧ್ಯಾಹ್ನ

ಇರ್ಯಾ ಅಂಗಳಕ್ಕೆ ಬಂದಳು. ಗಾಡಿಯ ಒಳಗೆ ಕಾಲಿಡಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ. ತಲೆಯೆತ್ತಿ ಚಾವಣಿ ನೋಡಿದಳು, ಅಂಚಿನಿಂದ ತೂಗುತ್ತಿದ್ದ ಮಂಜುಗೋಲುಗಳನ್ನು ನೋಡಿದಳು. ಅಳತೆ ಬರೆಯುವ ಪುಟ್ಟ ಪುಸ್ತಕ ಕೋಟಿನ ಜೇಬಿನಿಂದ ತೆಗೆದು ಏನೋ ಗೀಚಿದಳು.

“ಕಿಟಕಿ ದೊಡ್ಡದಾಯ್ತು ಅಷ್ಟೇ,” ಎಂದೆ. “ದೋಷವೆಲ್ಲ ಕಿಟಕೀದು.”

“ಹ್ಞೂಂ.”

“ಏನು ಬರೆದೆ?”

“ಪಕ್ಕದ ಮನೆಯವನ ಪ್ಯಾಂಟಿನ ಅಳತೆ.”

ಯಾರ್ಕೊ ಬಂದು ಎಳೆದುಕೊಂಡು ಹೋದ. ಹೊದಿಕೆಯನ್ನು ಕೊನೆಗೆ ಬಿಸಿನೀರು ಹಾಕಿ ಬಿಡಿಸಿದೆವು.

ಡಿಸೆಂಬರ್ 24

ಕ್ರಿಸ್‌ಮಸ್ ಹಿಂದಿನ ಸಂಜೆ. ಅನ್ನದ ಗಂಜಿ, ಹಾಲು, ದಾಲ್ಚಿನ್ನಿ. ಗಂಜಿಯೊಳಗೆ ಹಾಕುವ ಒಂದೇ ಬಾದಾಮಿ ಅವಳ ಬಟ್ಟಲಿಗೇ ಬಂತು; ಅದು ಸಿಕ್ಕವರು ಏನಾದರೂ ಬೇಡಿಕೊಂಡರೆ ನೆರವೇರುತ್ತದಂತೆ. ಏನು ಬೇಡಿಕೊಂಡೆ ಎಂದು ಕೇಳಲಿಲ್ಲ. ಧೈರ್ಯವಾಗಲಿಲ್ಲ.

ಜನವರಿ 6

ಐದು ಗಾಡಿ ನೋಡಿದೆ. ಒಂದು ಒದ್ದೆ ನಾಯಿಯ ವಾಸನೆ. ಒಂದರ ಮೂಲೆಗೆ ಹೆಬ್ಬೆರಳು ಒತ್ತಿದರೆ ಗೋಡೆ ಬನ್ನಿನಂತೆ ತಗ್ಗಿತು, ಒಳಗೆಲ್ಲ ಕೊಳೆತ. ಒಂದರ ನೀರಿನ ಕೊಳವೆಗಳು ನೆಲದ ಕೆಳಗೆ ಬಯಲಲ್ಲೇ ನೇತಾಡುತ್ತಿವೆ; ಮೊದಲ ಚಳಿಗೇ ಸಿಡಿಯುತ್ತವೆ. ಇನ್ನೆರಡು ಬೇಸಿಗೆಯ ಚಿಟ್ಟೆಗಳು. ಐದಕ್ಕೂ ಇರ್ಯಾ ಬಂದಳು. “ನಿನ್ನ ನಾಟಕ, ನೀನೇ ನೋಡು,” ಎಂದು ಕಾರಿನಲ್ಲೇ ಕೂತಳು.

ನಿನ್ನೆ ಪೆಂಟ್ಟಿ ಎದುರಾದ. “ಇರ್ಯಾನೂ ಹೊರಟ್ಲಂತೆ? ಒಂದು ಕಿವಿಮಾತು. ಸಾಸೇಜಿಗೆ ಒಂದೇ ಪಾತ್ರೆ ಸಾಕು. ಎರಡನೇದು ಸುಮ್ನೆ ತೊಳೆಯೋ ಕೆಲಸ.”

ಮನೆಗೆ ಬಂದು ಅಡುಗೆಮನೆಯ ಪಾತ್ರೆಗಳನ್ನು ಎಣಿಸಿದೆ. ಏಳು!

ಜನವರಿ 16, ಸರೋವರದ ಕ್ಯಾಂಪು, ಸಂಜೆ

ನಮ್ಮ ಕ್ಯಾರವಾನ್ ಕ್ಲಬ್ಬಿನ ಕಟ್ಟಳೆ: ಸದಸ್ಯನಾದವನು ವರ್ಷಕ್ಕೊಂದು ವಾರಾಂತ್ಯ ಕ್ಯಾಂಪಿನ ಯಜಮಾನನ ಪಾಳಿ ಮಾಡಲೇಬೇಕು. ಗಾಡಿ ಇಲ್ಲದಿದ್ದರೂ ಸರಿ. ಗೇಟು ತೆಗೆ, ದಾರಿಯ ಹಿಮ ಸರಿಸು, ಸೌನಾದ ಆವಿಸ್ನಾನಕ್ಕೆ ಒಲೆ ಹಚ್ಚು, ಕಾಫಿ ಇಡು. ನಮ್ಮದು ಪ್ರತಿ ವರ್ಷ ಜುಲೈ. ಈ ಸಲ ಇರ್ಯಾ ಫೋನು ಮಾಡಿ ಜನವರಿಗೆ ಬದಲಿಸಿದ್ದಾಳೆ. ಯಾಕೆ? “ಸುಮ್ನೆ.” ಕೊನೆಯ ಸಲ ನೋಡಿ ಹೋಗೋಣ ಅಂತಲೋ ಏನೋ...

ಹದಿನಾಲ್ಕು ಗಾಡಿ ಬಂದಿವೆ. ಕೊನೆಯದು ಸೈಮಿ ಎಂಬ ಮುದುಕಿಯದು. ಎಂಬತ್ತೊಂದು ವರ್ಷ, ಒಬ್ಬರೇ. ತಂಗಿಯ ಮಗ ಎಳೆದು ತಂದು ನಿಲ್ಲಿಸಿ ಹೋದ. ಗಾಡಿ ಪುಟ್ಟದು, ಹಳತು, ಕಂದು ಪಟ್ಟೆ, ಬ್ರೆಡ್ ಬೇಯಿಸುವ ಅಚ್ಚಿನ ಹಾಗೆ. ಪಾಪ ಎನಿಸಿತು. “ಚಳಿಯಾದ್ರೆ ಯಜಮಾನನ ಕೋಣೆಗೆ ಬಂದ್ಬಿಡಿ,” ಎಂದೆ. “ನಿನಗೆ ಚಳಿಯಾದ್ರೆ ಇಲ್ಲಿಗೆ ಬಾ,” ಎಂದರು. ತಮಾಷೆ ಎಂದುಕೊಂಡೆ.

ಹಿಮ ಸುರಿಯತೊಡಗಿದೆ.

ಜನವರಿ 17, ಬೆಳಿಗ್ಗೆ 9.30

ಇದನ್ನು ಈಗಲೇ ಬರೆಯಬೇಕು.

ರಾತ್ರಿಯಿಡೀ ಬಿದ್ದು ಗೇಣುದ್ದ ಹಿಮ. ಇಪ್ಪತ್ತೇಳು ಕೆಳಗೆ. ಎಂಟೂವರೆಗೆ ಸಲಿಕೆ ಹಿಡಿದು ಹೊರಟೆ. ನಮ್ಮ ಉತ್ತರದ ಚಳಿಗಾಲ, ಇನ್ನೂ ಕತ್ತಲು, ಕಂಬದ ದೀಪದ ಬೆಳಕು. ಸಾಲಾಗಿ ಎಲ್ಲ ಗಾಡಿಗಳ ಚಾವಣಿಯಲ್ಲೂ ಬೋಳು ತೇಪೆ, ಅಂಚಿನಲ್ಲಿ ಮಂಜುಗೋಲಿನ ಹಲ್ಲು, ಹೊಗೆಕೊಳವೆಯಲ್ಲಿ ಆವಿ. ಜನ ಇದ್ದಾರೆ, ಬೆಂಕಿ ಇದೆ, ಸರಿ. ಕೊನೆಯ ಗಾಡಿಗೆ ಬಂದೆ.

ನಿಂತುಬಿಟ್ಟೆ.

ಸೈಮಿಯ ಚಾವಣಿಯ ಮೇಲೆ ಹಿಮ ಇಡಿಯಾಗಿ ಕೂತಿದೆ. ಮೂಲೆಯಿಂದ ಮೂಲೆಗೆ, ಇಸ್ತ್ರಿ ಮಾಡಿದ ಮೇಜುಬಟ್ಟೆಯಂತೆ. ಒಂದು ಹನಿ ಕರಗಿಲ್ಲ. ಆವಿಯಿಲ್ಲ. ದಪ್ಪ ಪರದೆ ಎಳೆದ ಕಿಟಕಿಯಲ್ಲಿ ಬೆಳಕಿಲ್ಲ. ಯಾರ್ಕೊನ ಅಂಗಳ ನೆನಪಾಯಿತು: ಹೂತುಹೋಗಿದ್ದ ಗಾಡಿಗಳು, ಹೀಟರ್ ಇಲ್ಲದವು. ಅಯ್ಯೋ ವಿಧಿಯೇ! ಹೀಟರ್ ನಿಂತಿದೆ! ಮುದುಕಿ ಒಳಗೆ ಮರಗಟ್ಟಿದ್ದಾರೆ! ನನ್ನ ಪಾಳಿಯಲ್ಲಿ! ಮತ್ತೆ ನನ್ನ ಕಣ್ಣೆದುರಿಗೇ!

ಮಂಜುಗಡ್ಡೆ ಒಡೆಯುವ ಹಾರೆ ತಂದೆ. “ಸೈಮೀ! ಜೀವವಿದ್ದರೆ ಒಂದು ದನಿ ಕೊಡಿ! ಸೈಮೀ!” ನಲವತ್ತು ವರ್ಷ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸಿದ ಕಂಠ. ಹಾರೆಯನ್ನು ಬಾಗಿಲ ಸಂದಿಗೆ ಕೊಟ್ಟು ಮೀಟಿದೆ. ಬಾಗಿಲ ಹಿಡಿ ಕಿತ್ತು ಕೈಗೆ ಬಂತು.

ಬಾಗಿಲು ಒಳಗಿನಿಂದ ತಾನೇ ತೆರೆಯಿತು.

ಸೈಮಿ. ತೋಳಿಲ್ಲದ ತೆಳು ಅಂಗಿ, ಕೆಂಪು ಕೆನ್ನೆ. ಪದಬಂಧದ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

“ಏನಪ್ಪಾ, ಕಾಡಿಗೆ ಬೆಂಕಿ ಬಿತ್ತಾ?”

“ನೀವು... ಸತ್ತಿಲ್ವಾ?”

“ಎಂಬತ್ತೊಂದು ವರ್ಷದಿಂದ ಇಲ್ಲ. ಯಾರು ಹೇಳಿದ್ದು?”

“ಚಾವಣಿ... ಹಿಮ ಕರಗಿಲ್ಲ... ಹೀಟರ್...”

“ಹಿಮ ಯಾಕಪ್ಪಾ ಕರಗಬೇಕು? ಬಿಸಿ ಬೇಕಾಗಿರೋದು ನನಗೆ, ಹಿಮಕ್ಕಲ್ಲ. ಎಲ್ಲರೂ ರಾತ್ರಿಯೆಲ್ಲಾ ಆಕಾಶ ಕಾಯಿಸ್ತಾರೆ, ನಾನು ನನ್ನ ಕಾಲು ಕಾಯಿಸ್ಕೋತೀನಿ. ಆವಿ ಎಲ್ಲಿಂದ ಬರುತ್ತೆ, ನಂದು ಕರೆಂಟಿನ ಹೀಟರು. ಒಳಗೆ ಬಾ, ಬಾಗಿಲು ಹಾಕು. ಹಾಕೋಕೆ ಹಿಡಿ ಉಳಿಸಿದ್ದೀಯಾ?”

ಹಿಂದಿನಿಂದ ಯಾವನೋ ಕೂಗಿದ: “ಔಲಿಸ್, ಇನ್ನೂ ಎಷ್ಟು ಅಂಕ ಇದೆ? ನಾವು ಮಲಗ್ಬೋದಾ?”

ಒಳಗೆ ಹೋದೆ. ಇಪ್ಪತ್ಮೂರು ಡಿಗ್ರಿ! ತುಪ್ಪಳದ ಟೊಪ್ಪಿಯಲ್ಲಿ ಬೆವರು ಇಳಿಯಿತು. ಶಬ್ದವೇ ಇಲ್ಲ. ಗೋಡೆಯ ಬುಡದಲ್ಲಿ ಸುತ್ತ ಬಿಸಿನೀರಿನ ಕೊಳವೆ. ನೆಲ ಎರಡು ಪದರ, ನೀರಿನ ಕೊಳವೆಗಳೆಲ್ಲ ಆ ನಡುವೆ. ಬಿಸಿ ಮೇಲಕ್ಕೆ ಸೋರದಂತೆ ಚಾವಣಿ ಒಂದು ಮೊಳ ದಪ್ಪವಂತೆ. (ಅಷ್ಟಿರಲಾರದು. ಇರಲಿ.) ದಿಂಬನ್ನು ಗೋಡೆಗೆ ಒರಗಿಸಹೋದೆ, ಕೈಮೇಲೆ ಒಂದು ಏಟು ಬಿತ್ತು. “ಒತ್ತಬೇಡ. ಅಲ್ಲಿಂದ ಬಿಸಿ ಮೇಲಕ್ಕೆ ಹತ್ತಬೇಕು.”

ಆಗ ಇರ್ಯಾ ಬಂದಳು. ಯಾರಿಗೂ ಏನೂ ಹೇಳಲಿಲ್ಲ. ನೆಟ್ಟಗೆ ಹಾಸಿಗೆಯ ಹಿಂದಿನ ಮೂಲೆಗೆ ಹೋದಳು. ಯಾವ ಗಾಡಿಯಲ್ಲೇ ಆಗಲಿ ಮಂಜು ಮೊದಲು ಹಿಡಿಯುವುದು ಅಲ್ಲಿ. ಕೈಗವಸು ಕಳಚಿದಳು. ಅಂಗೈಯನ್ನು ಗೋಡೆಗೆ ಒತ್ತಿದಳು.

ತೆಗೆಯಲಿಲ್ಲ. ಸೈಮಿ ಕಾಫಿ ಬಗ್ಗಿಸಿದರು, ಏಲಕ್ಕಿ ಬನ್ನು ಕೊಯ್ದರು. ಇರ್ಯಾ ಕೈ ತೆಗೆಯಲೇ ಇಲ್ಲ.

“ಗಾಡಿ ಹುಡುಕ್ತಿದ್ದೀರಾ?” ಸೈಮಿ ಕೇಳಿದರು.

ನಾನು ಬಾಯಿ ತೆರೆದೆ.

“ನಿನ್ನ ಕೇಳ್ಲಿಲ್ಲ. ನೀನು ಬಾಗಿಲು ಮುರಿದೋನು. ಇವಳನ್ನ ಕೇಳಿದ್ದು.”

ಅದೇ ದಿನ, ಮಧ್ಯಾಹ್ನ 3

ಸೈಮಿಗೆ ಇದೇ ಕೊನೆಯ ಚಳಿಗಾಲವಂತೆ. ರೊವಾನಿಯೆಮಿಯಲ್ಲಿರುವ ಮಗಳ ಮನೆಗೆ ಹೋಗುತ್ತಾರೆ, ಅಲ್ಲಿ ಸೌನಾ ಹಾಸಿಗೆಯಿಂದ ಎಂಟು ಹೆಜ್ಜೆ. ಗಾಡಿ ಕೇಳಿ ಇಬ್ಬರು ಬಂದಿದ್ದರು, ಕೊಡಲಿಲ್ಲ. “ಒಬ್ಬ ಮೊದಲು ಟೀವಿ ಎಲ್ಲಿಡೋದು ಅಂದ. ಇನ್ನೊಬ್ಬಳು ಪರದೆ ಬಣ್ಣ ಬದಲಾಯಿಸ್ತೀನಿ ಅಂದ್ಲು. ನಿನ್ನ ಹೆಂಡ್ತಿ ಬಂದೋಳೇ ಮೂಲೆ ಮುಟ್ಟಿದ್ಲು.”

ತೀರ್ಪು: ಈ ರಾತ್ರಿ ಇರ್ಯಾ ಆ ಗಾಡಿಯಲ್ಲಿ. ಸೈಮಿ ಯಜಮಾನನ ಕೋಣೆಯಲ್ಲಿ. ನಾನು? ಸೌನಾದ ಬೆಂಚಿನ ಮೇಲೆ. ಹಿಡಿಯಿಲ್ಲದ ಬಾಗಿಲಿಗೆ ಹಗ್ಗ ಕಟ್ಟಿಕೊಟ್ಟೆ.

“ಹಗ್ಗ ನನ್ನ ಕಡೆ ಇರ್ಲಿ,” ಎಂದಳು ಇರ್ಯಾ. “ಉಳಿಸೋಕೆ ಬರಬೇಡ.”

ಜನವರಿ 18, ಬೆಳಿಗ್ಗೆ 9.20

ಇಪ್ಪತ್ತೊಂಬತ್ತು ಕೆಳಗೆ. ಆರರಿಂದ ಹೊರಗೆ ನಿಂತಿದ್ದೆ. ಸರಿಸಿದ ದಾರಿಯನ್ನೇ ಮತ್ತೆ ಸರಿಸಿದೆ, ನೆಲ ಕಾಣುವ ತನಕ. ಇರ್ಯಾ ಆರಕ್ಕೆ ಏಳುವವಳು. ಏಳು ಆಯಿತು. ಎಂಟು. ಉಳಿಸೋಕೆ ಬರಬೇಡ ಎಂದಿದ್ದಾಳೆ... ಹಾರೆಯನ್ನು ಮುಟ್ಟಲಿಲ್ಲ. ದೇವರೇ ಬಲ್ಲ ನಾನು ಅದನ್ನು ಹೇಗೆ ಮುಟ್ಟದೆ ಇದ್ದೆನೆಂದು.

ಒಂಬತ್ತಕ್ಕೆ ಹಗ್ಗ ಸಡಿಲವಾಯಿತು. ಬಾಗಿಲಲ್ಲಿ ಇರ್ಯಾ. ಒಂದು ಕೆನ್ನೆಯ ಮೇಲೆ ದಿಂಬಿನ ಗೆರೆ. ಬರಿಗೈ! ಬೆರಳ ತುದಿಯೆಲ್ಲ ಎಳೆ ಕೆಂಪು ಮೂಲಂಗಿಯ ಬಣ್ಣ.

“ಕೈಗವಸು?” ಎಂದೆ.

“ಎಲ್ಲೋ ಬಿದ್ದಿರ್ಬೇಕು. ನಿದ್ದೇಲಿ ಕಿತ್ತು ಬಿಸಾಕಿದೀನಿ ಅನ್ಸುತ್ತೆ.”

ಸೈಮಿ ಬೆಲೆ ಹೇಳಿದರು, ಇರ್ಯಾ ತಲೆಯಾಡಿಸಿದಳು. ಮೂವತ್ತನೇ ತಾರೀಕು ಗಾಡಿ ನಮ್ಮದು. ಒಂದೇ ಷರತ್ತು. ಮೊದಲು ಬಾಗಿಲು ಸರಿಮಾಡಬೇಕು. “ಅವಸರದ ಕೆಲಸ ಬೇಡ. ನಾನು ಇಪ್ಪತ್ತೆರಡು ವರ್ಷ ಹಿಡಿದ ಹಿಡಿ ಅದು.”

ಜನವರಿ 23

ಟಿಕೆಟ್ ಇನ್ನೂ ಫ್ರಿಜ್ಜಿನ ಮೇಲೇ ಇದೆ.

ಜನವರಿ 26

ಇರ್ಯಾ ಅಟ್ಟದಿಂದ ದೊಡ್ಡ ಸೂಟ್‌ಕೇಸ್ ಇಳಿಸಿದ್ದಾಳೆ. ಮುಚ್ಚಿದೆ. ಹೊಸ್ತಿಲ ಪಕ್ಕದಲ್ಲಿಟ್ಟಿದ್ದಾಳೆ. ರೈಲಿಯ ಜೊತೆ ಫೋನಿನಲ್ಲಿ ಬಾಗಿಲು ಹಾಕಿಕೊಂಡು ಮಾತು. ಗಾಡಿ ಸಿಕ್ಕಿತು ಸರಿ... ‘ಮೊದಲು ಒಂದು ಸಲ ಹೋಗಿಬರ್ತೀನಿ’ ಎಂದುಬಿಟ್ಟರೆ? ರೈಲಿಯೂ ಹಾಗೇ ಅಂದದ್ದು.

ಕೇಳಬೇಕು. ಇವತ್ತು ಬೇಡ. ಸೂಪಿನ ಹೊತ್ತಿಗೆ ಬಾಯಿ ತೆರೆದೆ, “ಉಪ್ಪು ಕೊಡು” ಎಂದೆ.

ಜನವರಿ 29, ಸಂಜೆ 5

ಸೈಮಿಯ ಬಾಗಿಲಿಗೆ ರಂಗಮಂದಿರದ ಉಗ್ರಾಣದಿಂದ ಹಿತ್ತಾಳೆಯ ಹಿಡಿ ತಂದೆ. ಅರಮನೆಯ ದೃಶ್ಯದ್ದು. ಆರು ರಾಜರೂ ಅದನ್ನೇ ಹಿಡಿದು ಪ್ರವೇಶಿಸಿದ್ದು. ಅಳೆಯಲು ಪಟ್ಟಿ ಬೇಕಿತ್ತು. ಇರ್ಯಾಳ ಹೊಲಿಗೆ ಡಬ್ಬಿ ತೆರೆದೆ. ಪಟ್ಟಿಯ ಕೆಳಗೆ ಅಳತೆಯ ಪುಸ್ತಕ.

ಓದಬಾರದಿತ್ತು. ಓದಿದೆ.

‘ಡಿಸೆಂಬರ್ 8. ನಮ್ಮ ಮನೆ: ಬೋಳು.’

‘ಡಿಸೆಂಬರ್ 23. ಯಾರ್ಕೊನದು: ಪೂರ್ತಿ ಬೋಳು. ಆಕಾಶಕ್ಕೆ ಒಲೆ.’

ಜನವರಿಯ ಐದು ಗಾಡಿಗಳೂ ಇವೆ! ಕಾರಿನಲ್ಲೇ ಕೂತು ಬರೆದದ್ದು! ಬೋಳು. ಬೋಳು. ಕಿಂಡಿಯ ಸುತ್ತ ಬೋಳು... ಆಮೇಲೆ ಕ್ಯಾಂಪಿನ ಹದಿಮೂರು, ಒಂದೊಂದರ ತೇಪೆಯ ಚಿತ್ರ ಸಮೇತ. ಕೊನೆಗೆ:

‘ಜನವರಿ 17, ಬೆಳಿಗ್ಗೆ 6.20. ಸೈಮಿ: ತುಂಬು. ಮೂಲೆಯಿಂದ ಮೂಲೆಗೆ. ಇದೇ.’

ಆರು ಇಪ್ಪತ್ತು! ನಾನು ಹಾರೆ ಹಿಡಿಯುವುದಕ್ಕೆ ಎರಡು ತಾಸು ಮೊದಲು!

ಪುಸ್ತಕ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವಳು ತಿರುಗಿ ನೋಡಿದಳು.

“ಗೊತ್ತಿತ್ತು ನಿನಗೆ!”

“ಸೈಮಿ ಎದ್ದ ಮೇಲೆ ಹೋಗಿ ಮೆಲ್ಲಗೆ ಬಾಗಿಲು ತಟ್ಟೋಣ ಅಂತಿದ್ದೆ. ನೀನು ಅಷ್ಟರಲ್ಲಿ ತಟ್ಟಿದೆ.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ, ಚಾವಣಿ ವಿಷಯ?”

“ಹೇಳಿದ್ರೆ ನೀನು ಏಳು ಊರಿಗೆ ಕೇಳೋ ಹಾಗೆ ಹೇಳ್ತಿದ್ದೆ. ಒಳ್ಳೆ ಗಾಡಿ ಒಂದೂ ಉಳೀತಿರ್ಲಿಲ್ಲ.”

“ಹಾಗಾದ್ರೆ... ಟಿಕೆಟ್ಟು? ಬರೀ ಬೆದರಿಕೆನಾ?”

ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು.

“ಇಲ್ಲ ಔಲಿಸ್. ಹದಿನೇಳನೇ ತಾರೀಕಿನ ತನಕ ಹೋಗೋಳೇ ಇದ್ದೆ.”

ಮತ್ತೆ ಈರುಳ್ಳಿ ಹೆಚ್ಚತೊಡಗಿದಳು.

“ರೈಲಿಗೆ ಹೇಳಿಯಾಯ್ತು. ಅತ್ತಳು, ಬೈದಳು, ಪೆಂಟ್ಟಿ ಹೇಗಿದ್ದಾನೆ ಅಂತ ಕೇಳಿದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ.”

“ಸೂಟ್‌ಕೇಸು?”

“ತೆಗೆದು ನೋಡೋಕೇನು ರೋಗ?”

ತೆಗೆದೆ. ಎರಡು ಜೊತೆ ಸ್ಕೀ ಬೂಟು. ನನ್ನದು ಮೇಲೆ.

ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಎದೆಯ ಮೇಲಿಂದ ಯಾರೋ ಪಿಯಾನೋ ಇಳಿಸಿದ ಹಾಗೆ.

ಫೆಬ್ರವರಿ 2, ಸರೋವರ, ಬೆಳಿಗ್ಗೆ 11.05

ಇಪ್ಪತ್ತಾರು ಕೆಳಗೆ. ಒಳಗೆ ಇಪ್ಪತ್ತೆರಡು. ಮೇಲೆ ಚಾವಣಿಯ ಹಿಮ ಕದಲಿಲ್ಲ. ಮೂರು ಸಲ ಹೊರಗೆ ಹೋಗಿ ನೋಡಿ ಬಂದೆ. ನಾಲ್ಕನೇ ಸಲ ಎದ್ದಾಗ, “ಬಾಗಿಲು ತೆಗೆದು ತೆಗೆದು ನೀನೇ ಆಕಾಶ ಕಾಯಿಸ್ತಿದ್ದೀಯ,” ಎಂದಳು. ಕೂತೆ. ಅರಮನೆಯ ಹಿಡಿ ಬಾಗಿಲಲ್ಲಿ ಚೆನ್ನಾಗಿ ಹೊಳೆಯುತ್ತಿದೆ. ಸೈಮಿ ನಿನ್ನೆ ಬಂದು ಹತ್ತು ಸಲ ತಿರುಗಿಸಿ ನೋಡಿ, “ಆಡಂಬರ. ಆದ್ರೆ ಗಟ್ಟಿ,” ಎಂದು ಹೋದರು.

ಅವಳ ಟಿಕೆಟ್ಟಿನ ವಿಮಾನ ಓಲು ಊರಿನಿಂದ ಹೊರಡುವುದು ಹನ್ನೊಂದು ಇಪ್ಪತ್ತಕ್ಕೆ. ಕಿಟಕಿಯ ಬಳಿ ಇರ್ಯಾ, ಎದುರಿಗೆ ನಾನು. ಹೊರಗೆ ಬೆಳಕು ನೀಲಿಯಿಂದ ಹೊಂಬಣ್ಣಕ್ಕೆ ತಿರುಗುತ್ತಿದೆ. ನನ್ನ ಸ್ಕೀ ಕೋಟಿನ ಗುಂಡಿ ಹೊಲಿಯಬೇಕಂತೆ. ಬೆಳಿಗ್ಗೆ ಸಡಗರದಲ್ಲಿ ಮರೆತಿದ್ದೇನೆ, ಸೂಜಿಗಳೆಲ್ಲ ಖಾಲಿ. ಈಗ ಪೋಣಿಸಿಕೊಡುತ್ತೇನೆ ತಾಳು ಎಂದೆ. ಅವಳು ಕೇಳಿಸಿಕೊಂಡಂತಿಲ್ಲ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿದಳು. ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದಿದ್ದಾಳೆ. ಬರಿಗೈ. ನಡುಕವಿಲ್ಲ. ಒಂದು ಕಣ್ಣು ಮುಚ್ಚಿ... ದಾರ...